ದಯವಿಟ್ಟಕ್ಕನ ಸ್ಪ್ಯಾನಿಷ್

ನಮ್ಮ ಶೂ ಫ್ಯಾಕ್ಟರಿ ದಯವಿಟ್ಟಕ್ಕನಿಗೆ ಭಾಷೆ ಭತ್ಯೆ ಬಾಕಿ ಉಳಿಸಿಕೊಂಡಿದೆ. ದುಭಾಷಿಯಾಗಿ ಕೂತ ಮೊದಲ ತಿಂಗಳಿನಿಂದ ಎಬ್ಬಿಸಿ ಕಳಿಸಿದ ಕೊನೆಯ ತಿಂಗಳವರೆಗೆ ಒಂದು ಬಿಡಿಗಾಸೂ ಬಂದಿಲ್ಲ. ಹೊಲಿಗೆ ಯಂತ್ರದ ಸಂಬಳ ಕೊಟ್ಟರು, ನಾಲಿಗೆಯ ಸಂಬಳ ಕೊಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವಳು ತಾನಾಗಿ ಹೇಳುವವಳಲ್ಲ. ಹೇಳಿದರೂ ಹೇಗೆ ಹೇಳುತ್ತಾಳೆ ಎಂಬುದೇ ನಮ್ಮ ತಲೆನೋವು.

ಹೆಸರು ಹೆತ್ತವರು ಇಟ್ಟದ್ದಲ್ಲ, ಅಂಟಿನ ಕೋಣೆಯ ಹೆಂಗಸರು ಇಟ್ಟದ್ದು. ಸ್ಪ್ಯಾನಿಷ್ ಮಾತಾಡುವ ಕಂಪನಿಯೊಂದು ಫ್ಯಾಕ್ಟರಿಯನ್ನು ಕೊಂಡುಕೊಂಡ ಮೇಲೆ ಅಲ್ಲಿಂದ ಒಬ್ಬ ದೊಡ್ಡ ಸಾಹೇಬ ಬಂದ. ಅವನು ಏನೇ ಕೂಗಿದರೂ ಅದು ಇವಳ ಬಾಯಿಯಿಂದ ನಮ್ಮ ಮಾತಾಗಿ ಹೊರಬರುವಾಗ ಮುಂದೊಂದು ‘ದಯವಿಟ್ಟು’ ಅಂಟಿಕೊಂಡಿರುತ್ತಿತ್ತು. ಸಾಹೇಬನಿಗೂ ಹೆಂಗಸರೇ ಹೆಸರಿಟ್ಟರು: ಕುಕ್ಕರ್. ಬಿಸಿ ಏರಿದರೆ ಸೀಟಿ. ಸೀಟಿ ಹೊಡೆದ ಮೇಲೂ ಒಳಗೆ ಕುದಿಯುತ್ತಲೇ ಇರುವ ಪೈಕಿ.

ಒಮ್ಮೆ ಅವನು ದಾರಿಗಡ್ಡ ಇದ್ದ ಪೆಟ್ಟಿಗೆಯನ್ನು ಒದ್ದು, ಕೈಬೀಸಿ, ಮುಖ ಕೆಂಪಗೆ ಮಾಡಿಕೊಂಡು ಅರಚಿದ. ಇವಳು ಸೀರೆಯ ಸೆರಗು ಸರಿ ಮಾಡಿಕೊಂಡು ಹೆಂಗಸರ ಕಡೆ ತಿರುಗಿದಳು.

“ದಯವಿಟ್ಟು ಆ ಪೆಟ್ಟಿಗೆ ಸ್ವಲ್ಪ ಪಕ್ಕಕ್ಕಿಡಬೇಕಂತೆ.”

“ಅಷ್ಟು ಹೇಳೋಕೆ ಇಷ್ಟು ಉಗುಳು ಯಾಕಮ್ಮಾ ಹಾರ್ಬೇಕು?”

“ಅವರ ಭಾಷೇನೇ ಹಾಗೆ ಕಣ್ರೇ. ಮಗೂನ ಮುದ್ದು ಮಾಡೋವಾಗ್ಲೂ ಜಗಳ ಆಡ್ದ ಹಾಗೆ ಕೇಳ್ಸುತ್ತೆ.”

ನಂಬಿದರು. ಪಾಪ, ಒಳ್ಳೆಯ ಮನುಷ್ಯ, ಗಂಟಲು ಮಾತ್ರ ದೊಡ್ಡದು ಎಂದುಕೊಂಡರು. ಅವನ ಬೈಗುಳಕ್ಕೆ ನಕ್ಕು ತಲೆಯಾಡಿಸಿದರು. ತನ್ನ ಬೈಗುಳಕ್ಕೆ ನಗುವ ಜನರನ್ನು ಕಂಡು ಅವನು ಇನ್ನಷ್ಟು ಬೈದ.

ಈ ಕಸುಬು ಅವಳಿಗೆ ಹುಟ್ಟಿದ ಮನೆಯಲ್ಲೇ ಹತ್ತಿದ್ದು. ಅಪ್ಪ ಅಮ್ಮ ಒಂದೇ ಸೂರಿನಡಿ ಇದ್ದೂ ಮಾತು ಬಿಟ್ಟವರು. ಬಡಗಿ ಕೆಲಸ ಮುಗಿಸಿ ಬಂದ ಅಪ್ಪ ಗೋಡೆಗೆ ಮುಖ ಮಾಡಿ ಕೂತು, “ನಿಮ್ಮಮ್ಮಂಗೆ ಹೇಳು, ಹೊಟ್ಟೆಗೇನಾದ್ರೂ ಹಾಕ್ತಾಳೋ, ಇಲ್ಲ ಹಾಗೇ ಸಾಯಿಸ್ತಾಳೋ ಅಂತ” ಎನ್ನುವನು. ಅಮ್ಮ ಅಲ್ಲೇ ಒಲೆಯ ಮುಂದೆ ಇರುವಳು. ಎಲ್ಲ ಕೇಳಿಸಿದರೂ ಮಗಳು ಬಂದು ಹೇಳುವವರೆಗೆ ಕಾಯುವಳು.

“ಅಮ್ಮಾ, ಅಪ್ಪಂಗೆ ಹಸಿವಾಗಿದೆಯಂತೆ.”

“ಬಂದು ನುಂಗ್ಲಿ ಅಂತ ಹೇಳು.”

“ಅಪ್ಪಾ, ಬಿಸಿಯಾಗಿದೆ, ಬರ್ಬೇಕಂತೆ.”

ಮೂಲವನ್ನು ಇಬ್ಬರೂ ಕೇಳಿಸಿಕೊಂಡವರೇ. ಆದರೂ ನಂಬುವುದಕ್ಕೆ ಮಗಳ ಅನುವಾದವೇ ಬೇಕಾಗಿತ್ತು. ಆ ಸಂಸಾರ ಬೀದಿಗೆ ಬರದೆ ಉಳಿದದ್ದು ಒಂದು ಪುಟ್ಟ ಹುಡುಗಿಯ ಸುಳ್ಳಿನ ಮೇಲೆ. ಅಲ್ಲಿ ಅದು ಸರಿಯಿತ್ತೇನೋ. ಮನೆಯಲ್ಲಿ ನಡೆದದ್ದು ಫ್ಯಾಕ್ಟರಿಯಲ್ಲೂ ನಡೆಯುತ್ತದೆ ಎಂದುಕೊಂಡಳಲ್ಲ, ಎಡವಿದ್ದು ಅಲ್ಲಿ.

ಕಂಪನಿ ಬದಲಾದ ಹೊಸದರಲ್ಲಿ, ಶಾಲೆ ಮುಗಿಸಿದ ಕೆಲವು ಹೊಲಿಗೆಯವರನ್ನು ಆರಿಸಿ ಊಟದ ಹಾಲಿನಲ್ಲಿ ಸ್ಪ್ಯಾನಿಷ್ ಪಾಠ ಇಟ್ಟರು. ಕಲಿಸಲು ಬಂದವರು ಹಡಗಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು, ಸೊಂಟ ನೋವು ಹತ್ತಿ ಊರಿಗೆ ಮರಳಿದ ಮೇಷ್ಟ್ರು. ಕಥೆ, ಕವಿತೆ ಬೇಡ, ಕೆಲಸಕ್ಕೆ ಬೇಕಾದಷ್ಟು ಕಲಿಸಿದರೆ ಸಾಕು ಎಂದು ಕಂಪನಿ ಖಡಾಖಂಡಿತವಾಗಿ ಹೇಳಿತ್ತು. ಕೆಲಸಕ್ಕೆ ಬೇಕಾದದ್ದು ಎಂದರೆ ಅಪ್ಪಣೆ. ತೆರೆ, ಮುಚ್ಚು, ಒತ್ತು, ನಿಲ್ಲಿಸು.

“ಅವ್ರಲ್ಲೂ ನಮ್ಮ ಹಾಗೇ ನೀನು ಇದೆ, ನೀವು ಇದೆ,” ಎಂದರು ಮೇಷ್ಟ್ರು. “ನೀನು ಅನ್ನೋಕೆ ತೂ. ನೀವು ಅನ್ನೋಕೆ ಉಸ್ತೇದ್. ಮೇಲಿನೋರಿಗೆ ತೂ ಅಂದ್ರಿ ಅನ್ಕೊಳ್ಳಿ, ನಿಮ್ಮನ್ನೇ ತೂ ಅಂತ ಆಚೆ ಉಗೀತಾರೆ. ಅನುಮಾನ ಬಂದ್ರೆ ಉಸ್ತೇದ್ ಅನ್ನಿ, ಕೆಲಸ ಉಳಿಯುತ್ತೆ.”

ನೀನು ಕಾಯಿ ಎನ್ನಲು ಎಸ್ಪೆರಾ, ನೀವು ಕಾಯಿರಿ ಎನ್ನಲು ಎಸ್ಪೆರೆ. ನೀನು ತೆರೆ ಎನ್ನಲು ಅಬ್ರೆ, ನೀವು ತೆರೆಯಿರಿ ಎನ್ನಲು ಅಬ್ರಾ. ಮರ್ಯಾದೆ ಕೊಡಬೇಕಾದರೆ ಬಾಲ ಅದಲು ಬದಲಾಗಬೇಕು: ಆ ಇದ್ದಲ್ಲಿ ಎ, ಎ ಇದ್ದಲ್ಲಿ ಆ. ಉಳಿದವರು ತಲೆ ಕೆರೆದುಕೊಂಡರು. ಇವಳು ಕೈ ಎತ್ತಿ, “ಎಡಗಾಲಿನ ಶೂ ಬಲಗಾಲಿಗೆ, ಬಲಗಾಲಿಂದು ಎಡಗಾಲಿಗೆ, ಅಷ್ಟೇ ಅಲ್ವಾ ಸಾರ್?” ಎಂದಳು. ಮೇಷ್ಟ್ರು ಚಪ್ಪಾಳೆ ಹೊಡೆದರು. ಹೋಗುವಾಗ ಮೆಟ್ಟಿಲ ಮೇಲೂ ಅವಳ ಬಾಯಿಯಲ್ಲಿ ಅಬ್ರಾ, ಸಿಯೆರ್ರೆ, ಎಸ್ಪೆರೆ ನಡೆದೇ ಇರುತ್ತಿತ್ತು. ತೆರೆಯಿರಿ, ಮುಚ್ಚಿರಿ, ಕಾಯಿರಿ. ಟೆಂಪೊ ಓಡಿಸುವ ಗಂಡ ಮನೆಯಲ್ಲಿ ಅದನ್ನು ಕೇಳಿ ಬಾಗಿಲು ತೆರೆದು ಮುಚ್ಚಿ ಮಾಡಿ ಅಣಕಿಸುತ್ತಿದ್ದನಂತೆ.

ಆಮೇಲೆ ಮೇಷ್ಟ್ರು ಇನ್ನೊಂದು ಸಂಗತಿ ತೆಗೆದರು. ಮರ್ಯಾದೆಯ ಅಪ್ಪಣೆಗೆ ಬರುವ ರೂಪವೇ ಆ ಭಾಷೆಯಲ್ಲಿ ಬಯಕೆಗೂ ಬರುತ್ತದೆ, ಅನುಮಾನಕ್ಕೂ ಬರುತ್ತದೆ. ನಾವು ಶಾಲೆಯ ವ್ಯಾಕರಣದಲ್ಲಿ ವಿಧ್ಯರ್ಥಕ, ಸಂಭಾವನಾರ್ಥಕ ಎಂದು ಬಾಯಿಪಾಠ ಮಾಡಿ, ‘ಬರಲಿ’ಯನ್ನು ಒಂದು ಡಬ್ಬಿಯಲ್ಲೂ ‘ಬಂದಾನು’ವನ್ನು ಇನ್ನೊಂದು ಡಬ್ಬಿಯಲ್ಲೂ ಇಟ್ಟೆವಲ್ಲ, ಅವರದು ಒಂದೇ ಡಬ್ಬಿ. ವೆಂಗಾ ಎಂದರೆ ಬನ್ನಿ. ಕಿಯೆರೋ ಕೆ ವೆಂಗಾ ಎಂದರೆ ನೀವು ಬರಬೇಕೆಂಬುದು ನನ್ನ ಇಷ್ಟ. ದೂದೋ ಕೆ ವೆಂಗಾ ಎಂದರೆ ನೀವು ಬರುವುದು ನನಗೆ ಅನುಮಾನ. ಮುಂದೆ ಓಹಲಾ ಎಂಬ ಮಾತು ಸೇರಿಕೊಂಡರಂತೂ ಕೇಳಲೇಬೇಡಿ. ಹಾಗಾಗಲಿ, ಹಾಗಾದರೆ ಎಷ್ಟು ಚೆನ್ನ, ಆಗದಿದ್ದರೆ ನಮ್ಮ ಹಣೆಬರಹ, ಎಲ್ಲ ಆ ಒಂದು ಮಾತಿನಲ್ಲಿದೆ.

ದಯವಿಟ್ಟಕ್ಕನಿಗೆ ಓಹಲಾ ಸಿಕ್ಕಿದ್ದು ಕುಡುಕನಿಗೆ ಹೆಂಡದಂಗಡಿ ಪಕ್ಕದಲ್ಲೇ ಬಾಡಿಗೆ ಮನೆ ಸಿಕ್ಕ ಹಾಗಾಯಿತು. ಹೆಂಗಸರು, “ಕಕ್ಕಸಿಗೆ ನೀರು ಬಿಡ್ಸಿ, ಇಲ್ಲಾಂದ್ರೆ ನಿಮ್ಮ ಆಫೀಸಿನದ್ದಕ್ಕೇ ಬರ್ತೀವಿ” ಎಂದರೆ ಅದು ಸಾಹೇಬನ ಕಿವಿಗೆ, “ನೀರು ಬರುವಂತಾದರೆ ಇವರು ತಮ್ಮನ್ನು ನೆನೆದಾರು” ಎಂದು ತಲುಪುತ್ತಿತ್ತು. ಅವನು ಮೀಸೆಯಡಿ ನಗುತ್ತಿದ್ದ. ತನ್ನ ಭತ್ಯೆಯನ್ನೂ ಹೀಗೆಯೇ ಕೇಳಿದಳು. ಕಿಸಿಯೆರಾ ಕೆ ಮೆ ಪಗಾರಾನ್, ನನಗೆ ಕೊಡುವಂತಾದರೆ ಎಂದು ಬಯಸಿಯೇನು. ಕುಕ್ಕರ್ ಕುರ್ಚಿಗೆ ಒರಗಿ, “ಓಹಲಾ” ಎಂದ. ಆಗಲಿ ಎಂದು ಅವನೂ ಅವಳ ಜೊತೆ ಸೇರಿ ಹಾರೈಸಿದ. ಹಾರೈಸಿ ಎದ್ದು ಊಟಕ್ಕೆ ಹೋದ.

ಅಂಟಿನ ಕೋಣೆಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ಕೆಲಸ ಎಂದರೆ ಅಟ್ಟೆಗೆ ಒಂದು ಬ್ರಷ್ ಅಂಟು, ಮೇಲಿನ ಚರ್ಮಕ್ಕೆ ಒಂದು ಬ್ರಷ್ ಅಂಟು, ತುಸು ಆರಲು ಬಿಟ್ಟು ಒಂದರ ಮೇಲೊಂದು ಒತ್ತುವುದು. ಧೂಳು ಕೂತರೆ ಅಟ್ಟೆ ಬಾಯಿಬಿಡುತ್ತದೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದಾರೆ. ಅಂಟಿನ ಆವಿಗೆ ಹೊರಗೆ ಹೋಗಲು ದಾರಿಯಿಲ್ಲ, ಹೆಂಗಸರ ಮೂಗೊಂದನ್ನು ಬಿಟ್ಟು. ಹೊಸಬರಿಗೆ ಮೊದಲು ತಲೆ ಹಗುರವಾಗುತ್ತದೆ, ಕಾರಣವಿಲ್ಲದೆ ನಗು ಬರುತ್ತದೆ. ಆಮೇಲೆ ತಲೆನೋವು. ಆಮೇಲೆ ಬೆರಳ ತುದಿ ಜೋಮು ಹಿಡಿದು, ಬಿಡುವುದನ್ನೇ ಮರೆಯುತ್ತದೆ.

ದಯವಿಟ್ಟಕ್ಕನ ನಾದಿನಿ, ಅಂದರೆ ಗಂಡನ ತಂಗಿ, ಅಲ್ಲೇ ಬ್ರಷ್ ಹಿಡಿಯುವವಳು. ಬಾಯಿ ಎಂದರೆ ಬಾಯಿ. ಆದರೆ ಬೆರಳು ಮರಗಟ್ಟಿ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದೆ, ದಿನಾ ಬೆಳಿಗ್ಗೆ ಅತ್ತಿಗೆಯ ಮುಂದೆ ಮಗುವಿನಂತೆ ನಿಲ್ಲಬೇಕಾಗಿತ್ತು. ಗುಂಡಿ ಹಾಕುತ್ತಿದ್ದವಳಿಗೆ ಗೊತ್ತಿರಲಿಲ್ಲವೇ? ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನನಗೆ ಸಿಟ್ಟು ಬರುವುದೇ ಅದಕ್ಕೆ.

ಆವಿ ಎಳೆದು ಹೊರಗೆ ಹಾಕುವ ದೊಡ್ಡ ಫ್ಯಾನುಗಳು ಬೇಕೆಂದು ಕಾರ್ಮಿಕ ಸಂಘದಿಂದ ಮಾತುಕತೆಗೆ ಹೋದೆವು. ನಾದಿನಿಯೂ ಬಂದು ತನ್ನ ಕೈ ತೋರಿಸಿ ಮಾತಾಡಿದಳು. ಕುಕ್ಕರ್ ತಲೆಯಾಡಿಸಿದ. “ದಯವಿಟ್ಟು ಸ್ವಲ್ಪ ಕಾಯ್ಬೇಕಂತೆ” ಎಂದಳು ದಯವಿಟ್ಟಕ್ಕ. ಕಾದೆವು. ಮತ್ತೆ ಹೋದೆವು, ಮತ್ತೆ ಕಾದೆವು. ಕೊನೆಗೊಮ್ಮೆ ಫ್ಯಾನ್ ಹಾಕಿಸದಿದ್ದರೆ ಕೆಲಸ ನಿಲ್ಲಿಸುತ್ತೇವೆ ಎಂದು ಮೇಜು ಕುಟ್ಟಿ ಹೇಳಿದೆ. ಅವನು ಎದ್ದು ಬಂದು ನನ್ನ ಕೈ ಕುಲುಕಿ ಹೆಗಲು ತಟ್ಟಿದ.

ಮಾಲೀಕರನ್ನು ನಾವು ಕಾಣದವರಲ್ಲ. ಬೈದವರನ್ನು ಕಂಡಿದ್ದೇವೆ, ಪೊಲೀಸರನ್ನು ಕರೆಸಿದವರನ್ನು ಕಂಡಿದ್ದೇವೆ, ಲಾಠಿಯ ಬಾಸುಂಡೆಯೂ ಬೆನ್ನ ಮೇಲಿದೆ. ಮುಷ್ಕರ ಮಾಡುತ್ತೇವೆ ಎಂದಾಗ ಹೆಗಲು ತಟ್ಟಿದವನು ಇವನೊಬ್ಬನೇ. ಎಲ್ಲೋ ಏನೋ ಸೋರುತ್ತಿದೆ ಅನ್ನಿಸಿತು. ಮುಂದಿನ ಸಲ ಆ ಹಡಗಿನ ಮೇಷ್ಟ್ರನ್ನು ಸಂಘದ ಸಲಹೆಗಾರ ಎಂದು ಕರೆದುಕೊಂಡು ಹೋಗಿ ಮೂಲೆಯಲ್ಲಿ ಕೂರಿಸಿದೆವು. ಸಭೆ ಮುಗಿಯುವವರೆಗೆ ಅವರು ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದರು. ಗೇಟಿನಾಚೆ ಬಂದ ಮೇಲೆ ಕೇಳಿದರು:

“ನೀವು ಏನಂದ್ರಿ?”

“ಫ್ಯಾನ್ ಹಾಕ್ಸಿ, ಇಲ್ಲಾಂದ್ರೆ ಕೆಲಸ ನಿಲ್ಲಿಸ್ತೀವಿ ಅಂದೆ.”

“ಅವಳು ಏನಂದ್ಲು ಗೊತ್ತಾ? ಗಾಳಿ ಇನ್ನೂ ಚೆನ್ನಾಗಿ ಆಡುವಂತಾದರೆ ಇವರೆಲ್ಲ ಇನ್ನೂ ಹುರುಪಿನಿಂದ ದುಡಿದಾರು ಅಂತ ಆಶಿಸ್ತೀವಿ ಅಂದ್ಲು. ಅವನು, ಬೇಕಾದ್ರೆ ಇರಿ, ಬೇಡಾಂದ್ರೆ ಗೇಟು ಅಲ್ಲಿದೆ ಅಂದ. ಅದನ್ನ ನಿಮಗೆ ದಯವಿಟ್ಟು ಕಾಯಿರಿ ಅಂತ ಹೇಳಿದ್ಲು. ಇಬ್ಬರಿಗೂ ಬೆಣ್ಣೆ ಹಚ್ತಾಳಲ್ಲಪ್ಪಾ! ನನ್ನ ಪಾಠ ಹೀಗಾಗ್ಹೋಯ್ತಲ್ಲ!”

ಅವತ್ತು ಸಂಜೆಯೇ ಅವಳ ಮನೆಗೆ ಹೋದೆ. ಒಂದು ಕೋಣೆ, ಅದಕ್ಕೆ ಪರದೆ ಎಳೆದು ಮಾಡಿಕೊಂಡ ಅಡುಗೆಮನೆ. ಪರದೆಯಾಚೆ ಅವಳು ಚಹಾ ಕುದಿಸುತ್ತಿದ್ದಳು. ನಾದಿನಿ ಮಂಚದ ಕಾಲಿಗೆ ಒರಗಿ ಕೂತಿದ್ದಳು.

“ಏನಮ್ಮಾ, ನಮ್ಮ ಮಾತನ್ನೆಲ್ಲ ಎಲ್ಲಿ ಮಾರ್ಕೊಂಡೆ?” ಎಂದೆ.

ಅವಳು ಇಲ್ಲ ಎನ್ನಲಿಲ್ಲ. “ಅಣ್ಣಾ, ನೀವು ಹೇಳಿದ್ದನ್ನ ನೀವು ಹೇಳಿದ ಹಾಗೇ ಹೇಳಿದ್ರೆ ಎಷ್ಟು ಜನಾನ ಅವನು ಯಾವತ್ತೋ ಆಚೆ ಹಾಕಿರ್ತಿದ್ದ. ನೀವು ಬೆಂಕಿ ಹಚ್ಚಿ ಮನೆಗೆ ಹೋಗ್ತೀರಿ. ಆರಿಸೋಳು ನಾನು.”

“ಯಾರು ಆರಿಸು ಅಂದ್ರು ನಿಂಗೆ?”

“ಯಾರೂ ಅನ್ನಲ್ಲ. ಮಕ್ಕಳಿರೋರು, ಬಾಡಿಗೆ ಕಟ್ಟೋರು, ಅವರ ಮುಖ ನೋಡಿದ್ರೆ ಬಾಯಲ್ಲಿ ಅದೇ ಬರುತ್ತೆ.”

ಅವಳ ಮಾತಿನಲ್ಲಿ ಸತ್ಯವಿಲ್ಲ ಎನ್ನಲಾರೆ. ಅದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಮಂಚದ ಬಳಿಯಿಂದ ನಾದಿನಿ ಕೇಳಿದಳು:

“ಅತ್ತಿಗೆ, ನನ್ನ ಬೆರಳು ಸತ್ತೋಗಿವೆ ಅಂತ ನಾನು ಅವನ ಮುಂದೆ ಹೇಳಿದ್ನಲ್ಲ. ಅದಕ್ಕೆ ಏನಂದ್ರಿ?”

ಪರದೆಯಾಚೆ ಚಮಚದ ಸದ್ದು ನಿಂತಿತು.

“ಹೇಳಿ ಅತ್ತಿಗೆ. ನನ್ನ ಬೆರಳಿನ ಸುದ್ದಿ, ನಂಗೆ ಗೊತ್ತಾಗ್ಬಾರ್ದಾ?”

“ಓಹಲಾ ದೆಸ್ಕಾನ್ಸೆನ್ ಸುಸ್ ಮಾನೋಸ್.”

“ಹಾಗಂದ್ರೆ?”

“ಇವಳ ಕೈಗೆ ಒಂದಿಷ್ಟು... ವಿಶ್ರಾಂತಿ ಸಿಗ್ಲಿ.”

ನಾದಿನಿ ಎದ್ದು ಪರದೆ ಸರಿಸಿದಳು. ಆಗ ತಾನೇ ಸುರಿದಿಟ್ಟ ಸ್ಟೀಲಿನ ಲೋಟವನ್ನು ಅಂಗೈ ಬೆರಳು ಎಲ್ಲ ಸೇರಿಸಿ ಎತ್ತಿ ಹಿಡಿದಳು. ಕೊತಕೊತ ಕುದಿಯುವ ಚಹಾ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ನೋಡಿ ಅತ್ತಿಗೆ. ಎಷ್ಟೊಂದು ವಿಶ್ರಾಂತಿ.”

ದಯವಿಟ್ಟಕ್ಕ ಹೌಹಾರಿ ಲೋಟ ಕಿತ್ತುಕೊಂಡಳು. ಸುಟ್ಟಿದ್ದು ತನಗೂ ಎಂದು ಅವಳ ಕೈ ತಕ್ಷಣ ಹೇಳಿತು, ಲೋಟ ನೆಲಕ್ಕೆ ಬಿತ್ತು. ನಾನು ಚಹಾ ಕುಡಿಯದೆ ಎದ್ದು ಬಂದೆ.

ಮುಂದಿನ ಮಾತುಕತೆಯ ದಿನ ಅವಳೇ ಬಾಗಿಲಲ್ಲಿ ನನ್ನನ್ನು ತಡೆದು, “ಇವತ್ತು ಕಿವಿಗೆ ಬಿದ್ದದ್ದನ್ನ ಬಿದ್ದ ಹಾಗೇ ಹೇಳ್ತೀನಿ ಅಣ್ಣಾ” ಎಂದಳು. ಮೇಷ್ಟ್ರು ಮೂಲೆಯಲ್ಲಿ ಕೂತರು. ಅಂಟಿನ ಕೋಣೆಯ ಹೆಂಗಸರು ಗೋಡೆಗೆ ಒರಗಿ ನಿಂತರು. ನಾನು ಹಳೆಯ ಮಾತನ್ನೇ ಹೇಳಿದೆ. ಅವಳು ಎದ್ದು ನಿಂತು, ಬೆಣ್ಣೆಯಿಲ್ಲದೆ, ಬೆಲ್ಲವಿಲ್ಲದೆ ಹೇಳಿದಳು:

“ಪೋಂಗಾ ವೆಂತಿಲಾದೋರೆಸ್. ಸಿ ನೋ, ಪರಾಮೋಸ್.”

ಫ್ಯಾನ್ ಹಾಕಿಸಿ. ಇಲ್ಲದಿದ್ದರೆ ನಿಲ್ಲಿಸುತ್ತೇವೆ. ಮೇಷ್ಟ್ರು ಹೌದೆಂದು ನನಗೆ ತಲೆಯಾಡಿಸಿದರು.

ಕುಕ್ಕರ್ ನಮ್ಮ ಕಡೆ ನೋಡಲೇ ಇಲ್ಲ. ಅವಳನ್ನೇ ನೋಡುತ್ತ ಏನೇನೋ ಹೇಳಿದ. ಅವಳು ಸುಟ್ಟ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಅದನ್ನೂ ನಮಗೆ ಹೇಳಿದಳು: “ಈ ಜನ ಹೀಗೆ ಮಾತಾಡೋರಲ್ವಂತೆ. ಇಷ್ಟು ವರ್ಷ ನೋಡಿದಾನಂತೆ, ಮರ್ಯಾದಸ್ಥರಂತೆ. ಈ ಕೊಬ್ಬು ನಂದಂತೆ.”

“ಕೊಬ್ಬು ನಮ್ದೇ ಅಂತ ಹೇಳು,” ಎಂದೆ.

ಹೇಳಿದಳು. ಅವನು ಸೀಟಿ ಹೊಡೆದ. ಅವಳು ಅಷ್ಟನ್ನೂ ತಿರುಗಿಸಿದಳು: “ನೀವೆಲ್ಲ ಕುರಿಗಳಂತೆ. ಗೇಟು ಅಲ್ಲಿದೆಯಂತೆ. ನಿಮ್ಮಂಥೋರು ಬೀದೀಲಿ ಬಿದ್ದಿರ್ತಾರಂತೆ.”

ಈಗ ಹೆಂಗಸರಿಗೆ ರೋಷ ಉಕ್ಕಬೇಕಿತ್ತು ಅಲ್ಲವೇ? ಗೋಡೆಯ ಬಳಿಯಿಂದ ಅವರಲ್ಲೇ ಹಿರಿಯಳೊಬ್ಬಳು ಬಾಯಿ ತೆಗೆದಳು. “ಅಯ್ಯೋ ಹೋಗೇ, ಸಾಹೇಬ್ರು ಹಾಗೆಲ್ಲ ಅನ್ನೋರಲ್ಲ. ಎಷ್ಟು ಕೂಗಿದ್ರೂ ದಯವಿಟ್ಟು ಇಲ್ದೆ ಒಂದು ಮಾತಾಡಿಲ್ಲ ಅವರು. ನೀನೇ ಏನೋ ಸೇರಿಸ್ತಿದೀಯ.”

ಮಿಕ್ಕವರೂ ಹೌದು ಹೌದು ಎಂದರು. ಮೇಷ್ಟ್ರು ಎದ್ದು, “ಇಲ್ಲಮ್ಮಾ, ಅವನು ಇದಕ್ಕಿಂತ ಹೊಲಸಾಗಿ ಅಂದ” ಎಂದರೆ, “ನೀವು ಸಂಘದ ಕಡೆಯೋರು, ಅನ್ನದೆ ಇರ್ತೀರಾ?” ಎಂದರು. ಸುಳ್ಳು ಹೇಳುವವರೆಗೆ ಎರಡೂ ಕಡೆಯವರು ಕಣ್ಣು ಮುಚ್ಚಿ ನಂಬಿದ್ದ ಹೆಂಗಸು ನಿಜ ಹೇಳಿದ ದಿನ ಎರಡೂ ಕಡೆಗೆ ಸುಳ್ಳಿಯಾದಳು. ನಾನು ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕಿದೆ. ಗೋಡೆಯ ತುಂಬ ಹೆಂಗಸರೇ ನಿಂತಿದ್ದರು.

ಮರುದಿನ ಕುಕ್ಕರ್ ಅವಳನ್ನು ಆ ಕೆಲಸದಿಂದ ತೆಗೆದು ಹಾಕಿದ. ಹೊಲಿಗೆಗೂ ವಾಪಸು ಕಳಿಸಲಿಲ್ಲ. ನೇರ ಅಂಟಿನ ಕೋಣೆಗೆ ಹಾಕಿದ. ನಾದಿನಿಯ ಪಕ್ಕದಲ್ಲೇ ಸ್ಟೂಲು. ಬ್ರಷ್ ಹಿಡಿಯುವುದು ಹೇಗೆಂದು ನಾದಿನಿಯೇ ತೋರಿಸಿಕೊಟ್ಟಳು.

ದುಭಾಷಿಯಿಲ್ಲದೆ ಫ್ಯಾಕ್ಟರಿ ಕುಂಟಿತು. ಮೊಬೈಲಿನಿಂದ ಅನುವಾದ ಮಾಡಿಸಿ ನೋಡಿದರು. ಅದು ಅಟ್ಟೆ ಒತ್ತಿ ಎಂಬುದನ್ನು ಕಾಲು ಒತ್ತಿ ಎಂದಿತು. ಹೆಂಗಸರು ಒಂದು ದಿನ ಪೂರ್ತಿ ನಕ್ಕರು, ಅಟ್ಟೆ ಕಿತ್ತ ಶೂಗಳು ರಾಶಿ ಬಿದ್ದವು. ರಾಶಿ ನೋಡಿ ಕುಕ್ಕರ್ ತಾನೇ ಅಂಟಿನ ಕೋಣೆಯ ಬಾಗಿಲಿಗೆ ಬಂದು ನಿಂತ. ಅರಚಿದ. ಆ ಹಿರಿಯಳ ಸ್ಟೂಲನ್ನು ಒದ್ದ, ಅವಳು ಇನ್ನೂ ಅದರ ಮೇಲಿಂದ ಪೂರ್ತಿ ಎದ್ದಿರಲಿಲ್ಲ. ಅಭ್ಯಾಸಬಲದಿಂದ ಎಲ್ಲರೂ ‘ದಯವಿಟ್ಟು’ಗಾಗಿ ದಯವಿಟ್ಟಕ್ಕನ ಕಡೆ ತಿರುಗಿದರು. ಅವಳು ತಲೆ ಎತ್ತದೆ ಅಟ್ಟೆಗೆ ಅಂಟು ಬಳಿಯುತ್ತಿದ್ದಳು.

ನೆಲದಿಂದ ಎದ್ದ ಹಿರಿಯಳು ಕೇಳಿದಳು: “ಏನಂದ್ನೇ ಅವನು?”

“ನಂಗೀಗ ಅಂಟಿನ ಕೆಲಸ. ಅರ್ಥ ಮಾಡ್ಕೊಳ್ಳೋ ಕೆಲಸ ನಿಮ್ದು.”

ಮಾಡಿಕೊಂಡರು. ಮಧ್ಯಾಹ್ನದ ಗಂಟೆ ಹೊಡೆದಾಗ ಊಟಕ್ಕೆ ಹೋಗಲಿಲ್ಲ. ಬಾಯಿ ತೆರೆದ ಅಂಟಿನ ಡಬ್ಬಿಗಳನ್ನು ಎತ್ತಿಕೊಂಡು ಸಾಲಾಗಿ ಅವನ ಕೋಣೆಗೆ ನಡೆದು, ಮೇಜಿನ ಮೇಲೆ, ಕಪಾಟಿನ ಮೇಲೆ, ನೆಲದ ಮೇಲೆ ಇಟ್ಟರು. ನಾದಿನಿ ಕಿಟಕಿ ಮುಚ್ಚಿದಳು. ಅವನು ಗಾಬರಿಯಿಂದ ಎದ್ದ. ಆಗ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ದಯವಿಟ್ಟಕ್ಕ ಬಾಯಿ ತೆರೆದಳು.

“ಸಿಯೆಂತೆಸೆ. ಎಸ್ಪೆರೆ.”

ಕೂತ್ಕೊಳ್ಳಿ. ಕಾಯಿರಿ. ಉಸ್ತೇದ್ ರೂಪವೇ, ಮರ್ಯಾದೆಗೆ ಕೊರತೆಯಿಲ್ಲ. ಹಿಂದೆ ಮುಂದೆ ಮಾತ್ರ ಏನೂ ಸೇರಿಸಿರಲಿಲ್ಲ. ಅವನು ಕೂತ! ಆಶ್ಚರ್ಯವೆಂದರೆ ಅದೇ. ಕೂತು, ಕಣ್ಣಲ್ಲಿ ನೀರು ಸುರಿಯುವವರೆಗೆ ತಡೆದು, ಕೆಮ್ಮುತ್ತ ಎದ್ದು ಹೋಗಿ ಕಿಟಕಿಯನ್ನು ತನ್ನ ಕೈಯಾರೆ ತೆರೆದ. ಅವನ ಕಿಟಕಿಗೆ ಮೊಳೆ ಇರಲಿಲ್ಲ.

ಗೆದ್ದೆವು ಎಂದುಕೊಂಡಿರಾ? ನಾವೂ ಅಂದುಕೊಂಡೆವು. ವಾರದೊಳಗೆ ಲಾರಿಯಲ್ಲಿ ಆವಿ ಎಳೆಯುವ ಫ್ಯಾನ್ ಬಂತು. ಹೊಸದು, ದೊಡ್ಡದು, ಹೆಂಗಸರು ಕೆಲಸ ಬಿಟ್ಟು ನೋಡಲು ಓಡಿದರು. ಅದನ್ನು ತೆಗೆದುಕೊಂಡು ಹೋಗಿ ಸಾಹೇಬನ ಕೋಣೆಗೆ ಜೋಡಿಸಿದರು. ಅಂಟಿನ ಕೋಣೆಯ ಕಿಟಕಿಗಳಲ್ಲಿ ಮೊಳೆಗಳು ಹಾಗೇ ಇವೆ.

ಅವತ್ತಿನಿಂದ ಅಂಟಿನ ಕೋಣೆಯವರು ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕೂತಿದ್ದಾರೆ. ದಯವಿಟ್ಟಕ್ಕನೂ ಕೂತಿದ್ದಾಳೆ. ಅವಳ ಬೆರಳ ತುದಿಗೂ ಜೋಮು ಶುರುವಾಗಿದೆ. ಕಂಪನಿ ಅವರೊಡನೆ ಮಾತಾಡುವ ಬದಲು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದೆ: ಸ್ಪ್ಯಾನಿಷ್ ಬಲ್ಲ, ಸೌಮ್ಯ ಸ್ವಭಾವದ, ಎರಡೂ ಕಡೆಯವರ ಮನ ನೋಯದಂತೆ ಮಾತಾಡಬಲ್ಲ ದುಭಾಷಿ ಬೇಕಾಗಿದ್ದಾರೆ. ಸಂಬಳ ಕೈತುಂಬ.

ಇದನ್ನು ಓದುತ್ತಿರುವ ನೀವು ಸಂಜೆ ತರಗತಿಯಲ್ಲಿ ಆ ಭಾಷೆ ಕಲಿತವರಿರಬಹುದು, ಕೆಲಸ ಹುಡುಕುತ್ತಿರಬಹುದು. ನಿಮಗೂ ಬಾಡಿಗೆ ಇದೆ, ಮನೆಯಲ್ಲಿ ಬಾಯಿಗಳಿವೆ, ಗೊತ್ತು. ಆದರೂ ಕೇಳಿ. ಅಂಟಿನ ಕೋಣೆಗೆ ಫ್ಯಾನ್ ಬರುವವರೆಗೆ ಆ ಕೆಲಸಕ್ಕೆ ಅರ್ಜಿ ಹಾಕಬೇಡಿ. ಹಾಕಿದ್ದರೆ ಇವತ್ತೇ ಹೋಗಿ ವಾಪಸು ತೆಗೆದುಕೊಳ್ಳಿ.